ಮಸ್ಕತ್ತಿನ ಲೆಕ್ಕ, ಅತ್ತೆಯ ಮಂಡಿ

ನನ್ನನ್ನು ಮಸ್ಕತ್ತಿಗೆ ಕರೆದವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ನನ್ನ ಮುದ್ದೆಯನ್ನು. ಆಗ ನಾನು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಒಂದು ಮೆಸ್ಸಿನಲ್ಲಿ ಹಿಟ್ಟು ತಿರುವುವ ಕೆಲಸಕ್ಕಿದ್ದೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೆಸರು. ಅವರು ಮೊದಲನೆಯದನ್ನು ಉಂಡು, ಎರಡನೆಯದನ್ನು ಹಾಕಿಸಿಕೊಂಡು, ಬದನೆಕಾಯಿ ಸೀಳಿ ಹುಳು ನೋಡುವವರ ಹಾಗೆ ಸೀಳಿ ನೋಡಿದರು. ಗಂಟು ಸಿಗಲಿಲ್ಲ. ಕೈ ತೊಳೆದು ನೇರವಾಗಿ ಅಡುಗೆಮನೆ ಬಾಗಿಲಿಗೆ ಬಂದರು. ಗಿರಾಕಿ ಅಡುಗೆಮನೆಗೆ ಬಂದರೆ ಸಾಮಾನ್ಯವಾಗಿ ಜಗಳಕ್ಕೇ ಬರುವುದು. ನಾನು ಹಿಟ್ಟಿನ ದೊಣ್ಣೆಯನ್ನು ಕೆಳಗಿಡಲಿಲ್ಲ.

ಅವರು ಮಾರ್ಟಳ್ಳಿಯವರು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. ಮಸ್ಕತ್ತಿನಲ್ಲಿ ಕ್ಯಾಂಟೀನ್ ಇಟ್ಟು ಬಹಳ ವರ್ಷವಾಗಿದೆಯಂತೆ.

"ನಮ್ಮ ಕಡೆ ಹುಡುಗರು ಅಲ್ಲಿ ತುಂಬಾ ಅವ್ರೆಮ್ಮಾ. ಲಾರಿ, ಕ್ರೇನ್ ಓಡ್ಸೋರು. ಬಿರಿಯಾನಿ ತಿಂದು ತಿಂದು ಬೇಜಾರಾಗವ್ರೆ. ಶುಕ್ರವಾರ ಮುದ್ದೆ ಅಂತ ಬೋರ್ಡ್ ಹಾಕ್ದೆ. ನಮ್ಮ ಮಾಸ್ಟರ್ ನೇಪಾಳದವನು. ಅವನ ಮುದ್ದೆ ನೋಡಿ ಹನೂರಿನ ಹುಡುಗ ಒಬ್ಬ ಅತ್ತೇಬಿಟ್ಟ. ಸತ್ಯಮಾ ಹೇಳ್ತೀನಿ, ತಟ್ಟೆ ಮುಂದೆ ಕೂತು ಅತ್ತ."

"ಸಂಬಳ ಎಷ್ಟು?" ಎಂದೆ. ಅತ್ತ ಹುಡುಗನ ಮೇಲೆ ನನಗೆ ಕನಿಕರವಿತ್ತು, ಆದರೆ ಒಲೆಯ ಮೇಲೆ ಎಸರು ಕುದಿಯುತ್ತಿತ್ತು.

ನೂರ ಅರವತ್ತು ರಿಯಾಲ್. ಊಟ, ರೂಮು ಅವರದು. ರೂಮಿನಲ್ಲಿ ಅಡುಗೆಯ ಇಬ್ಬರು ಹೆಂಗಸರ ಜೊತೆ ಇರಬೇಕು. ವೀಸಾ ಅವರ ಖರ್ಚು, ಎರಡು ವರ್ಷಕ್ಕೆ ಹೋಗಿಬರುವ ಟಿಕೆಟ್ಟೂ ಅವರದು. ಪಾಸ್‌ಪೋರ್ಟು, ಮೆಡಿಕಲ್ ನನ್ನದು. ಯೋಚನೆ ಮಾಡಿ ಹೇಳಿ ಎಂದು ಫೋನ್ ನಂಬರ್ ಕೊಟ್ಟು, ಉಣ್ಣದೆ ಬಿಟ್ಟ ಎರಡನೆಯ ಮುದ್ದೆಗೂ ದುಡ್ಡು ಕೊಟ್ಟು ಹೋದರು. ಅದನ್ನು ನೋಡಿ ಈ ಮನುಷ್ಯ ಮೋಸಗಾರನಲ್ಲ ಅಂದುಕೊಂಡೆ.

ನನಗೆ ಮಸ್ಕತ್ತಿನ ಮೇಲೆ ಯಾವ ಆಸೆಯೂ ಇರಲಿಲ್ಲ. ನನಗೆ ಆಸೆ ಇದ್ದದ್ದು ಮೆಸ್ಸಿನ ಎದುರುಗಡೆಯ ಒಂದು ಷಟರ್ ಮೇಲೆ. ಮೊದಲು ಅದು ಸೈಕಲ್ ಷಾಪು. ಮುಚ್ಚಿ ಕೆಲವು ವರ್ಷವಾಗಿತ್ತು. ದಿನಾ ಮಾಂಬಳ್ಳಿಯಿಂದ ಬಸ್ಸಿನಲ್ಲಿ ಬಂದು ಇಳಿದಾಗ ಒಂದು ಸಲ ಅದರ ಬೀಗ ನೋಡಿ ಕೆಲಸಕ್ಕೆ ಹೋಗುತ್ತಿದ್ದೆ. ಒಲೆ ಎಲ್ಲಿ, ನೀರಿನ ಡ್ರಮ್ ಎಲ್ಲಿ, ಎಷ್ಟು ಟೇಬಲ್ ಹಿಡಿಯುತ್ತದೆ, ಎಲ್ಲ ನನ್ನ ತಲೆಯಲ್ಲಿತ್ತು. ಮಾಲೀಕರು ಮೂರು ಲಕ್ಷ ಅಡ್ವಾನ್ಸ್ ಕೇಳುತ್ತಿದ್ದರು. ಮೆಸ್ಸಿನಲ್ಲಿ ನನಗೆ ತಿಂಗಳಿಗೆ ಹನ್ನೆರಡು ಸಾವಿರ. ಅದರಲ್ಲಿ ಮಗಳ ನರ್ಸಿಂಗ್ ಹಾಸ್ಟೆಲ್ಲಿಗೆ ಕಟ್ಟಿ ಉಳಿದದ್ದರಲ್ಲಿ ಮೂರು ಲಕ್ಷ ಕೂಡಿಸುವ ಹೊತ್ತಿಗೆ ನನ್ನ ಕೈಗೆ ದೊಣ್ಣೆಯಲ್ಲ, ಊರುಗೋಲು ಬಂದಿರುತ್ತಿತ್ತು. ಬೇರೆಯವರ ಒಲೆ ಮುಂದೆ ಬೆವರಿ ಬೆವರಿ ನನಗೆ ಸಾಕಾಗಿತ್ತು. ನನಗೆ ನನ್ನ ಸ್ವಂತ ಮೆಸ್ಸು ಬೇಕಾಗಿತ್ತು. ಮಸ್ಕತ್ತು ಅದಕ್ಕೆ ದಾರಿ ಅಷ್ಟೇ.

ಮನೆಗೆ ಬಂದು ಮಸ್ಕತ್ತಿನ ಕೆಲಸ, ಷಟರಿನ ಅಂಗಡಿ ಎರಡನ್ನೂ ಹೇಳಿದೆ. ನಮ್ಮೆಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ತೆಂಗಿನಕಾಯಿ, ಬೆಲ್ಲ, ಒಮ್ಮೊಮ್ಮೆ ಮದುವೆ ಮನೆಯ ಕುರ್ಚಿ. ಅವರು ತಟ್ಟೆಯಿಂದ ತಲೆ ಎತ್ತದೆ ಎಲ್ಲವನ್ನೂ ಕೇಳಿ, "ನೋಡ್ಮ" ಎಂದರು. ನಮ್ಮ ಮನೆಯಲ್ಲಿ ಹೂಂ ಅನ್ನುವುದಕ್ಕೂ ಉಹೂಂ ಅನ್ನುವುದಕ್ಕೂ ಅದೊಂದೇ ಮಾತು.

ಅತ್ತೆ ಮಾತ್ರ ವಿವರ ಕೇಳಿದರು. ಅವರ ತವರು ರಾಮಾಪುರ. ಅವರು ಕಂಡ ಪ್ರಪಂಚ ಒಂದು ಕಡೆ ರಾಮಾಪುರಕ್ಕೆ, ಇನ್ನೊಂದು ಕಡೆ ಮೈಸೂರಿನ ಆಸ್ಪತ್ರೆಗೆ ಮುಗಿಯುತ್ತದೆ.

"ಅದು ರಾಮಾಪುರದಿಂದ ಆಚ್ಗಾ, ಈಚ್ಗಾ?"

"ಆಚ್ಗೆ ಅತ್ತೆ."

"ಅಂಗಾರೆ ದೂರವೆ," ಎಂದರು. ಮಾರನೆಯ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದವರು ಅಲ್ಲಿ ಸಾಲಿನಲ್ಲಿದ್ದ ಹೆಂಗಸರಿಗೆ, "ನಮ್ ಸೊಸೆ ಇಮಾನ ಅತ್ತಾಳೆ ಕಣ್ರಮ್ಮಿ" ಎಂದು ಹೇಳಿಬಿಟ್ಟರು. ನಾನಿನ್ನೂ ಪಾಸ್‌ಪೋರ್ಟಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ.

ಈ ಮಾತಿನಿಂದ ಏನು ಅನಾಹುತವಾಯಿತು ಎನ್ನುವುದು ತಿಳಿಯಬೇಕಾದರೆ ನಮ್ಮೂರಿನ ಮುಯ್ಯಿ ತಿಳಿದಿರಬೇಕು. ನಿಮ್ಮ ಗದ್ದೆಯ ಕಳೆಗೆ ನಾನು ಒಂದು ಒಪ್ಪತ್ತು, ಅಂದರೆ ಒಂದು ಹೊತ್ತಿನ ಕೆಲಸಕ್ಕೆ, ಬಂದರೆ, ನನ್ನ ಅರಿಸಿನದ ಕಳೆಗೆ ನೀವು ಒಂದು ಒಪ್ಪತ್ತು ಬರಬೇಕು. ಅದೇ ಮುಯ್ಯಿ. ದುಡ್ಡಿನ ಮಾತಿಲ್ಲ, ಯಾರೂ ಎಲ್ಲೂ ಬರೆದಿಡುವುದಿಲ್ಲ. ಆದರೆ ಮರೆತವರನ್ನು ನಾನು ಕಂಡಿಲ್ಲ. ತನ್ನ ಮದುವೆಯಾದ ವರ್ಷ ಹೇಳಲು ತಲೆ ಕೆರೆದುಕೊಳ್ಳುವ ಹೆಂಗಸು ಕೂಡ, ಹೋದ ವರ್ಷದ ನಾಟಿಯಲ್ಲಿ ಯಾರು ಯಾರ ಮನೆಗೆ ಬಂದಿದ್ದರು, ಯಾರು ಹೊತ್ತೇರಿದ ಮೇಲೆ ಬಂದರು ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ನಮಗಿರುವ ತುಂಡು ಜಮೀನು ನಡೆಯುತ್ತಿದ್ದುದೇ ಮುಯ್ಯಿಯಲ್ಲಿ. ಬೆಳಿಗ್ಗೆ ಒಪ್ಪತ್ತು ಹೊಲದಲ್ಲಿ ಬಗ್ಗಿ, ಆಮೇಲೆ ಸೀರೆ ಬದಲಾಯಿಸಿ ಬಸ್ಸು ಹತ್ತುವುದು ನನ್ನ ದಿನಚರಿ.

ಡೈರಿಯ ಮಾತು ಮುಗಿದು ನಾನು ಮುಖ ತೊಳೆಯುವುದರೊಳಗೆ ಮೂಲೆಮನೆ ಅಕ್ಕ ಬಂದು ನಿಂತಿದ್ದರು.

"ಓಯ್ತೀಯಂತೆ. ಒಳ್ಳೇದಾಗ್ಲಿ ಕಣಮ್ಮಿ. ಇಮಾನ ಅತ್ತಕ್ ಮುಂಚೆ ನಂದೊಂದ್ ಎರಡು ಒಪ್ಪತ್ ಅದಲ್ಲ, ಅದ್ನ ತೀರ್ಸ್ಬುಡು."

"ಇನ್ನೂ ಏನೂ ಆಗಿಲ್ಲ ಕಣಕ್ಕ."

"ಆದ್ಮೇಲೆ ನಿನ್ನ ಎಲ್ಲಿ ಅಂತ ಉಡುಕ್ಲಿ?"

ಅವರ ಹಿಂದೆ ಇನ್ನೊಬ್ಬರು, ಸಂಜೆ ಮತ್ತಿಬ್ಬರು. ಎಲ್ಲರೂ ಮೊದಲು ಒಳ್ಳೆಯದಾಗಲಿ ಎನ್ನುತ್ತಿದ್ದರು, ಆಮೇಲೆ ಕೇಳುತ್ತಿದ್ದರು. ನಾನು ಆ ವಾರವೆಲ್ಲ ಮೆಸ್ಸಿಗೆ ತಡವಾಗಿ ಹೋಗಿ ಬೈಸಿಕೊಂಡು ಊರಿನ ಕಳೆಯನ್ನೆಲ್ಲ ಕಿತ್ತೆ. ನಾನು ಯಾರಿಗೆ ಕೊಡಬೇಕೋ ಅವರೆಲ್ಲ ಬಂದರು. ನನಗೆ ಯಾರು ಕೊಡಬೇಕೋ ಅವರ ಪೈಕಿ ಒಬ್ಬರೂ ನಮ್ಮ ಬೀದಿಗೇ ಕಾಲಿಡಲಿಲ್ಲ. ಹಿತ್ತಲಮನೆಯವಳು ನನಗೆ ನಾಲ್ಕು ಒಪ್ಪತ್ತು ಬಾಕಿ ಇದ್ದಳು. ನಾನೇ ಹೋಗಿ ಕೇಳಿದೆ.

"ನೀನೇ ಓಯ್ತಿದ್ದೀಯಲ್ಲಕ್ಕ. ಇನ್ ಯಾರ್ಗೆ ತೀರ್ಸದು? ವಾಪಸ್ ಬಾ, ನೋಡದ," ಎಂದು ಅವಳು ಅಕ್ಕಿ ಆರಿಸುತ್ತಲೇ ಹೇಳಿದಳು. ಸಾಲ ಕೊಟ್ಟವಳು ವಿಮಾನ ಹತ್ತಿದರೆ ಸಾಲ ಮನ್ನಾ ಎನ್ನುವ ಕಾನೂನು ನಮ್ಮೂರಲ್ಲಿ ಹುಟ್ಟಿದ್ದು ಹಾಗೆ.

ಅತ್ತೆ ಇದನ್ನು ಕೇಳಿ ಮಂಡಿನೋವನ್ನೂ ಲೆಕ್ಕಿಸದೆ ಹಿತ್ತಲಮನೆಯ ಬಾಗಿಲಿಗೆ ಹೋದರು. "ಮುಯ್ಯಿ ಮನೇದು ಕಣಮ್ಮಿ, ಮನ್ಸಂದಲ್ಲ. ಇವ್ಳು ಓದ್ರೆ ಮನೆ ಎದ್ದೋಯ್ತದಾ? ಮನೆಗೆ ತೀರ್ಸು," ಎಂದರು. ಮಾತು ಸರಿಯಾಗಿಯೇ ಇತ್ತು. ಆದರೆ ಅಲ್ಲೇ ನಿಂತಿದ್ದ ಮೂಲೆಮನೆ ಅಕ್ಕ ಅದನ್ನು ತಿರುಗಿಸಿ ಹಾಕಿದರು.

"ಅಂಗೇ ಆಗ್ಲಿ ಕಣಕ್ಕ. ಮನೇದೇ ಅನ್ನಿ. ಇವ್ಳು ಓದ್ಮೇಲೆ ನಿಮ್ ಮನೆಯಿಂದ ಮುಯ್ಯಿಗ್ ಯಾರ್ ಬತ್ತೀರಿ? ನಿಮ್ ಮಗ ಬಂದು ಕಳೆ ಕಿತ್ತಾನಾ?"

ಗಂಡಸರು ಕಳೆ ಕೀಳುವುದಿಲ್ಲ. ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಅವರಿಗೂ ಬೆನ್ನು ಇದೆ. ಅತ್ತೆ ಅಲ್ಲಿಂದ ಕುಂಟುತ್ತ ಹೊರಟರು. ಮನೆಗೆ ಬಂದು, ಭಾನುವಾರ ದೊಡ್ಡ ಮಗನನ್ನು ಕರೆಸಿ ಲೆಕ್ಕ ಹಾಕಿಸೋಣ ಎಂದರು.

ದೊಡ್ಡ ಮಗನೆಂದರೆ ನಮ್ಮ ಭಾವ. ಬೇರೆ ಮನೆ, ಅದೇ ಬೀದಿ. ಹಾಲಿನ ಡೈರಿಯ ಕಾರ್ಯದರ್ಶಿ. ಹಾಲಿನ ಫ್ಯಾಟು ನೋಡಿ ರೇಟು ಹೇಳುವವರಾದ್ದರಿಂದ ಯಾವ ವಸ್ತುವಿಗೂ ರೇಟು ಹೇಳಬಲ್ಲರೆಂದು ಮನೆಯವರ ನಂಬಿಕೆ. ಅವರು ಜಗಲಿಯ ಮೇಲೆ ಕೂತು, ಫೋನಿನಲ್ಲಿ ಕ್ಯಾಲ್ಕುಲೇಟರ್ ತೆಗೆದು, ಕನ್ನಡಕ ಸರಿಮಾಡಿಕೊಂಡರು. ನಮ್ಮೆಜಮಾನರು ಕಂಬಕ್ಕೆ ಒರಗಿದ್ದರು. ಅತ್ತೆ ಗೋಡೆ ಪಕ್ಕ ಕಾಲು ಚಾಚಿದ್ದರು. ನಾನು ಕಾಫಿ ಕೊಟ್ಟು ಬಾಗಿಲಲ್ಲಿ ನಿಂತೆ.

ರಿಯಾಲಿಗೆ ಇನ್ನೂರ ಇಪ್ಪತ್ತು ಎಂದು ಹಿಡಿದು ಭಾವ ಗುಣಿಸಿದರು. "ಮೂವತ್ತೈದು ಸಾವ್ರದ ಇನ್ನೂರು."

ಜಗಲಿಯ ಮೇಲೆ ಒಂದು ನೆಮ್ಮದಿ ಹರಡಿತು. ನಮ್ಮೆಜಮಾನರು ಕಾಲು ಅಲ್ಲಾಡಿಸಿದರು. ಅವರು ಕಾಲು ಅಲ್ಲಾಡಿಸುವುದು ಸಂತೋಷಕ್ಕೆ.

"ಈಗ ಕಳೀಬೇಕು," ಎಂದರು ಭಾವ.

ಮೊದಲು ಮೆಸ್ಸಿನ ಹನ್ನೆರಡು ಸಾವಿರ ಹೋಯಿತು, ಹೇಗೂ ಅದು ನಿಂತುಹೋಗುತ್ತದಲ್ಲ. ಅಲ್ಲಿ ನನ್ನ ಫೋನು, ಸೋಪು, ದುಡ್ಡು ಕಳಿಸುವ ಖರ್ಚು ಎಂದು ಮೂರು ಸಾವಿರ ಹೋಯಿತು. ಆಮೇಲೆ ಮನೆಯ ಕಡೆಗೆ ಬಂದರು. ಮುಯ್ಯಿ ನಿಂತರೆ ಹೊಲಕ್ಕೆ ಕೂಲಿಯಾಳು, ಐದು ಸಾವಿರ. ಹಸುವಿಗೆ ಹುಲ್ಲು ಕೊಯ್ದು, ಸಗಣಿ ಬಾಚಿ, ಎರಡು ಹೊತ್ತು ಹಾಲು ಕರೆಯಲು ಒಬ್ಬರು ಬೇಕು, ಆರು ಸಾವಿರ.

"ನಿಂಗೆ ಅಡ್ಗೆ ಬತ್ತದೇನ್ಲಾ?" ಎಂದು ತಮ್ಮನನ್ನು ಕೇಳಿದರು.

"ನೀರ್ ಕಾಯ್ಸಕ್ ಬತ್ತದ."

ಅಡುಗೆ, ಪಾತ್ರೆ, ಬಟ್ಟೆಗೆ ಒಬ್ಬ ಹೆಂಗಸು, ಎಂಟು ಸಾವಿರ. ಹಬ್ಬಹರಿದಿನ, ನೆಂಟರಿಷ್ಟರ ಮನೆ ನಾಮಕರಣ, ಬಸುರಿ ಬಾಣಂತಿ ಅಂತ ನಾನು ಹೋಗಿ ಗೇಯುವುದಕ್ಕೆ ಬದಲು ಉಡುಗೊರೆ ಜಾಸ್ತಿ ಕೊಡಬೇಕಾಗುತ್ತದೆ, ಅದಕ್ಕೆ ಎರಡು ಸಾವಿರ. ಪ್ರತಿ ಸಲವೂ ಭಾವ ಮುಗಿಯಿತು ಎಂದು ಫೋನ್ ಕೆಳಗಿಡುವುದು, ಪ್ರತಿ ಸಲವೂ ಯಾರಾದರೊಬ್ಬರು "ಓ, ಅದೊಂದದಲ್ಲ" ಎನ್ನುವುದು. ನನ್ನನ್ನು ಕೇಳಿದ್ದರೆ ಒಂದೇ ಸಲ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

"ಅವ್ವನ ಮಂಡಿ?" ಎಂದರು ನಮ್ಮೆಜಮಾನರು.

ಎಲ್ಲರೂ ಅತ್ತೆಯ ಮಂಡಿ ನೋಡಿದರು. ಸಂಜೆ ಹೊತ್ತು ಅದಕ್ಕೆ ಎಣ್ಣೆ ಕಾಯಿಸಿ ತಿಕ್ಕುವುದು ನನ್ನ ಕೆಲಸ. ತಿಕ್ಕದಿದ್ದರೆ ಬೆಳಿಗ್ಗೆ ಅವರು ಏಳಲಾರರು.

"ತಿಕ್ಕಕ್ಕೆ ಯಾರಾರ ಬರ್ಬೇಕಲ್ಲ. ಸಾವ್ರದೈನೂರು ಆಕದ," ಎಂದು ಭಾವ ಒತ್ತಿದರು. ಅತ್ತೆ ಸೀರೆಯನ್ನು ಮಂಡಿಯ ಮೇಲೆ ಎಳೆದುಕೊಂಡು ಕಾಲು ಮಡಚಿದರು. ಅಷ್ಟು ಬೇಗ ಅವರು ಕಾಲು ಮಡಚಿದ್ದನ್ನು ನಾನು ಕಂಡಿರಲಿಲ್ಲ.

ಒಟ್ಟು ಮೂವತ್ತೇಳೂವರೆ ಸಾವಿರ ಆಯಿತು. ಭಾವ ಫೋನನ್ನು ಜೇಬಿಗೆ ಹಾಕಿಕೊಂಡು, "ಲಾಸು ಕಣವ್ವ. ಓದ್ರೆ ತಿಂಗ್ಳಿಗೆ ಎರಡು ಸಾವ್ರದ ಮುನ್ನೂರು ನಾವೇ ಕೈಯಿಂದ ಆಕ್ಬೇಕು," ಎಂದರು. ಆ ಮಾತಿಗೆ ಎಲ್ಲರಿಗೂ ಹಗುರವಾಯಿತು. ನಮ್ಮೆಜಮಾನರ ಕಾಲು ಮತ್ತೆ ಅಲ್ಲಾಡಿತು. ಬರುವ ಲಾಭಕ್ಕೂ ತಪ್ಪಿದ ನಷ್ಟಕ್ಕೂ ಒಂದೇ ಕಾಲು.

ಎದುರುಗಡೆಯ ಷಟರಿನ ಬೀಗ ನನ್ನ ಕಣ್ಣ ಮುಂದೆ ಬಂತು. ನನಗೆ ರೇಗಿತು.

"ಭಾವ, ಮೆಸ್ಸಿನ ಸಂಬಳ ಬುಡಿ, ನನ್ ಸೋಪು ಫೋನು ಬುಡಿ. ಬರೀ ಮನೇದು ಎಷ್ಟಾಯ್ತು?"

ಅವರು ಮತ್ತೆ ಫೋನು ತೆಗೆದರು. "ಇಪ್ಪತ್ತೆರಡೂವರೆ ಸಾವ್ರ."

"ಅದ್ನ ಈಗ ಯಾರ್ ಕೊಡ್ತಾ ಅವ್ರೆ?"

"ಯಾರ್ಗೆ?"

"ನಂಗೆ."

ಭಾವ ತಮ್ಮನನ್ನು ನೋಡಿದರು. ತಮ್ಮ ಕಂಬ ನೋಡಿದರು. "ಅದು ಮನೆ ಕೆಲ್ಸ ಅಲ್ವೇನವ್ವ," ಎಂದು ಭಾವ ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದರು. "ಮಾಡುದ್ರೆ ದುಡ್ಡಿಲ್ಲ. ಬುಟ್ರೆ ದುಡ್ಡು."

ನಾನು ಲೋಟಗಳನ್ನು ಎತ್ತಿಕೊಂಡೆ. ಒಳಗೆ ಹೋಗುವಷ್ಟರಲ್ಲಿ ಅತ್ತೆಯ ದನಿ ಕೇಳಿತು.

"ಲೋ, ನಂದೊಂದ್ ಲೆಕ್ಕ ಆಕ್ಲಾ. ನಾನೀ ಮನೆಗ್ ಬಂದಾಗ ಮೂರ್ ಹಸ ಇದ್ವು. ಆಮೇಲ್ ಐದ್ ಮಕ್ಳಾದ್ವು. ನಿಮ್ ತಾತ ನಾಕ್ ವರ್ಸ ಮಲ್ಗಿದ್ದಲ್ಲೇ ಇದ್ರು."

"ನಿಂದು ಹಳೇ ರೇಟು ಕಣವ್ವ," ಎಂದು ಭಾವ ನಕ್ಕರು. "ಅದ್ಕೆಲ್ಲ ಈಗ್ ಲೆಕ್ಕ ಸಿಗಲ್ಲ."

ಅತ್ತೆ ಹೂಗುಟ್ಟಿದರು. ಭಾವ ಚಪ್ಪಲಿ ಮೆಟ್ಟಿಕೊಂಡು ಡೈರಿಗೆ ಹೋದರು.

ಅವತ್ತು ಸಂಜೆ ಎಣ್ಣೆ ಕಾಯಿಸಿ ಅತ್ತೆಯ ಕಾಲ ಬಳಿ ಕೂತೆ. ಸಿಟ್ಟಿನಲ್ಲಿ ಸ್ವಲ್ಪ ಜೋರಾಗಿಯೇ ತಿಕ್ಕಿದೆ ಅಂತ ಕಾಣುತ್ತದೆ. ಅವರು ಕಾಲನ್ನು ಇನ್ನಷ್ಟು ಮುಂದೆ ಚಾಚಿದರು. ಆಮೇಲೆ, "ಓಗ್ಬುಟ್ಟು ಬಾ," ಎಂದರು.

"ಲಾಸಂತಲ್ಲ ಅತ್ತೆ."

"ಲೆಕ್ಕ ಆಕ್ದೋನು ಒಂದ್ ದಿನಾರ ಸಗಣಿ ಬಾಚವ್ನಾ? ಅವನ್ ಲೆಕ್ಕದಲ್ಲಿ ನಾನು ಬರೀ ಮಂಡಿ. ನಂಗೆ ಎರಡ್ ಕೈಯೂ ಅವ. ನೀ ಓಗು, ಆ ಅಂಗ್ಡಿ ಮಾಡು. ಮುಯ್ಯಿ ನಾನ್ ನೋಡ್ಕತೀನಿ."

ನನಗೆ ಅಳು ಬಂತು. ಕೈಯೆಲ್ಲ ಎಣ್ಣೆಯಾಗಿದ್ದರಿಂದ ಕಣ್ಣು ಒರೆಸಿಕೊಳ್ಳಲಾಗಲಿಲ್ಲ, ಹಾಗೇ ತಿಕ್ಕಿದೆ.

ಮಾರನೆಯ ದಿನ ಮಾರ್ಟಳ್ಳಿಯವರಿಗೆ ಫೋನ್ ಮಾಡಿ ಒಪ್ಪಿಕೊಂಡೆ. ನಮ್ಮೆಜಮಾನರಿಗೆ ಹೇಳಿದಾಗ "ನೋಡ್ಮ" ಎಂದರು. ಆದರೆ ಪಾಸ್‌ಪೋರ್ಟಿಗೆ ಮೈಸೂರಿಗೆ ಹೋಗುವ ದಿನ ಆಟೋ ಬಾಡಿಗೆ ಬಿಟ್ಟು ಜೊತೆಗೆ ಬಂದರು. ದಾರಿಯಲ್ಲಿ ಒಂದು ಮಾತು ಆಡಿದರು. "ಎಸರಿಗೆ ಇಟ್ಟು ಎಷ್ಟಾಕ್ಬೇಕು?" ನಾನು ಕೈಯಲ್ಲಿ ತೋರಿಸಿದೆ. ಅವರು ಆ ಕೈಯನ್ನೇ ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ಸಂಸಾರ ಮಾಡಿ ನನ್ನ ಕೈಯನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಮಸ್ಕತ್ತಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ನಾನು ನೋಡಿದ್ದು ಅಡುಗೆಮನೆ, ರೂಮು, ಅವೆರಡರ ನಡುವಿನ ಒಂದು ರಸ್ತೆ. ಸೆಕೆ ನಮ್ಮ ಬೇಸಿಗೆಯನ್ನು ನಾಚಿಸುವಂಥದ್ದು. ಮಾರ್ಟಳ್ಳಿಯವರು ಹೇಳಿದ ಸಂಬಳವನ್ನು ಹೇಳಿದ ತಾರೀಕಿಗೆ ಕೊಟ್ಟರು. ನನ್ನ ಕಷ್ಟ ಬೇರೆ. ಮೊದಲ ಕೆಲವು ತಿಂಗಳು ಕಂಡದ್ದನ್ನೆಲ್ಲ ಗುಣಿಸುತ್ತಿದ್ದೆ. ಒಂದು ಟೀ ಎಂದರೆ ನಮ್ಮ ದುಡ್ಡಿನಲ್ಲಿ ಇಪ್ಪತ್ತೆರಡು ರೂಪಾಯಿ, ಬೇಡ. ಒಂದು ಜೊತೆ ಚಪ್ಪಲಿ ಎಂದರೆ ಹಸುವಿನ ಒಂದು ಮೂಟೆ ಬೂಸಾ, ಬೇಡವೇ ಬೇಡ. ಹರಿದ ಚಪ್ಪಲಿಗೆ ಪಿನ್ನು ಹಾಕಿಕೊಂಡು ಓಡಾಡಿ ಕಾಲು ಕೊಯ್ದುಕೊಂಡೆ. ರೂಮಿನಲ್ಲಿ ಜೊತೆಗಿದ್ದ ಕೇರಳದ ಹೆಂಗಸು ಔಷಧಿ ಹಚ್ಚಿ, ತನಗೆ ಬರುವ ಅರೆಬರೆ ಕನ್ನಡದಲ್ಲಿ, ಇಲ್ಲಿ ದುಡಿದು ಇಲ್ಲಿಯೇ ತಿನ್ನುವಾಗ ಗುಣಿಸಬಾರದು, ಊರಿಗೆ ಕಳಿಸುವಾಗ ಮಾತ್ರ ಗುಣಿಸಬೇಕು ಎಂದು ಹೇಳಿಕೊಟ್ಟಳು. ನಮ್ಮ ಭಾವನಿಗೂ ಗೊತ್ತಿರದ ಲೆಕ್ಕ ಅದು. ಮಾರನೆಯ ದಿನ ಚಪ್ಪಲಿ ತೆಗೆದುಕೊಂಡೆ.

ಶುಕ್ರವಾರದ ಮುದ್ದೆಗೆ ಮೂರು ತಿಂಗಳಲ್ಲಿ ಸಾಲು ನಿಲ್ಲತೊಡಗಿತು. ಹಿಂದೆ ಅತ್ತಿದ್ದ ಹನೂರಿನ ಹುಡುಗನೂ ಬಂದ. ಒಂದು ತುತ್ತು ಮುರಿದು, ಸಾರಿಗೆ ಅದ್ದಿ ನುಂಗಿ, ಮತ್ತೆ ಅತ್ತ. ಅವನು ಅಳುವ ಹುಡುಗನೇ ಎಂದು ಆಮೇಲೆ ತಿಳಿಯಿತು.

ಊರಿನ ಸುದ್ದಿ ಫೋನಿನಲ್ಲಿ ಬರುತ್ತಿತ್ತು. ಭಾವ ಹಾಕಿದ ಇಪ್ಪತ್ತೆರಡೂವರೆ ಸಾವಿರದ ಪೈಕಿ ಇಪ್ಪತ್ತೆರಡು ರೂಪಾಯಿಯೂ ಖರ್ಚಾಗಲಿಲ್ಲ. ಯಾರನ್ನೂ ಕೂಲಿಗೆ ಇಡಲಿಲ್ಲ. ಕೆಲವು ಕೆಲಸ ಆದವು, ಕೆಲವು ಆಗಲಿಲ್ಲ, ಅಷ್ಟೇ. ಹಸು ಹಾಲು ಕಡಿಮೆ ಮಾಡಿತು. ಅರಿಸಿನದಲ್ಲಿ ಕಳೆ ಎದ್ದು ಇಳುವರಿ ಕುಸಿಯಿತು. ನೆಂಟರು ಕೋಪಿಸಿಕೊಂಡು, ಆಮೇಲೆ ಸರಿಹೋದರು. ನಮ್ಮೆಜಮಾನರು ಮುದ್ದೆ ತಿರುವಲು ಕಲಿತರು. ವಿಡಿಯೋ ಕಾಲಿನಲ್ಲಿ ತಟ್ಟೆ ಎತ್ತಿ ತೋರಿಸಿದರು. ಗಂಟುಗಳು ಮಸ್ಕತ್ತಿಗೆ ಕಾಣಿಸುತ್ತಿದ್ದವು.

"ಚೆನ್ನಾಗದ," ಎಂದೆ. ದೂರ ಇದ್ದಾಗ ಸಂಸಾರದಲ್ಲಿ ಸುಳ್ಳು ಹೇಳುವುದು ಸುಲಭ.

"ಮಂಡಿ ಎಂಗದ ಅತ್ತೆ?" ಎಂದರೆ, "ಅದದ" ಎನ್ನುತ್ತಿದ್ದರು. ಯಾರು ತಿಕ್ಕುತ್ತಾರೆ ಎಂದರೆ, ನಿನ್ನ ಗಂಡ ಎನ್ನುತ್ತಿದ್ದರು. ಅವರ ಹಿಂದೆ ಯಾವಾಗಲೂ ಮಕ್ಕಳು ಅಳುವ ಸದ್ದು. "ಅದೇನ್ ಸದ್ದು?" ಎಂದು ಕೇಳಿದರೆ "ಟಿವಿ ಕಣಮ್ಮಿ" ಎಂದು ಫೋನು ಇಡುತ್ತಿದ್ದರು. ನಮ್ಮ ಮನೆಯಲ್ಲಿ ಅತ್ತೆ ಟಿವಿ ನೋಡುವುದನ್ನು ನಾನು ಕಂಡಿರಲಿಲ್ಲ. ಆದರೂ ಹಗಲೆಲ್ಲ ಒಬ್ಬರೇ ಇರುತ್ತಾರೆ, ನೋಡಲಿ ಅಂದುಕೊಂಡೆ.

ಎರಡು ವರ್ಷ ಮುಗಿಸಿ ಬಂದೆ. ಮಗಳ ಫೀಸು, ಮನೆಯ ಖರ್ಚು ಎಲ್ಲ ಕಳೆದು ಅಡ್ವಾನ್ಸಿಗೆ ಬೇಕಾದ ಮೂರು ಲಕ್ಷ ಇತ್ತು. ಪಾತ್ರೆ, ಒಲೆ, ಟೇಬಲ್ಲಿಗೂ ಆಯಿತು. ಆಳುಗಳಿಗೆ ಸಂಬಳ ಕೊಡಲು ಮಾತ್ರ ಏನೂ ಉಳಿದಿರಲಿಲ್ಲ. ಆಟೋ ಇಳಿದು ನಮ್ಮ ಬೀದಿಗೆ ಬಂದಾಗ ಆ ಚಿಂತೆ ತಲೆಯಲ್ಲಿತ್ತು.

ಜಗಲಿಯ ಮೇಲೆ ಟಿವಿ ಇತ್ತು. ಅಂದರೆ ಐದಾರು 'ಟಿವಿ'ಗಳಿದ್ದವು. ಒಂದು ತೊಟ್ಟಿಲಲ್ಲಿ, ಒಂದು ಅತ್ತೆಯ ತೊಡೆಯ ಮೇಲೆ, ಉಳಿದವು ಅಂಬೆಗಾಲಿನಲ್ಲಿ. ಅಂಗನವಾಡಿಗೆ ಸೇರಿಸುವಷ್ಟು ದೊಡ್ಡವಾಗದ ಕೂಸುಗಳು. ಕೂಸಿದ್ದ ಹೆಂಗಸರು ಕಳೆಗೆ ಹೋಗಲಾಗದೆ ಕೂತಿದ್ದನ್ನು ನೋಡಿ ಅತ್ತೆ, ತಂದು ಇಲ್ಲಿ ಬಿಡಿ ಎಂದಿದ್ದರಂತೆ. ಒಂದು ಒಪ್ಪತ್ತು ಕೂಸು ನೋಡಿಕೊಂಡರೆ ಒಂದು ಒಪ್ಪತ್ತಿನ ಮುಯ್ಯಿ. ಕೂತಲ್ಲೇ ಮಾಡುವ ಕೆಲಸ, ಮಂಡಿ ಬೇಕಿಲ್ಲ.

"ಅಂಗಾರೆ ಅವ್ರನ್ನ ಅರಿಸಿನದ ಕಳೆಗೆ ಯಾಕ್ ಕರೀಲಿಲ್ಲ ಅತ್ತೆ? ಬೆಳೆ ಆಳಾಯ್ತಲ್ಲ."

"ಅರಿಸಿನಕ್ಕ ನೀ ಮಸ್ಕತ್ತಿಗ್ ಓಗಿದ್ದು?" ಎಂದರು ಅತ್ತೆ. "ಮುಯ್ಯಿನೆಲ್ಲ ನಿನ್ ಅಂಗ್ಡಿಗೆ ಇಟ್ಟಿವ್ನಿ. ಒಂದ್ ಒಪ್ಪತ್ತೂ ಖರ್ಚು ಮಾಡಿಲ್ಲ."

ಷಟರಿನ ಹಳೇ ಬೀಗ ತೆಗೆಸಿ ಮೆಸ್ಸು ತೆರೆದ ಬೆಳಿಗ್ಗೆ ಮೊದಲ ಬಸ್ಸಿಗೆ ನಮ್ಮೂರಿನ ಹೆಂಗಸರು ಬಂದು ಇಳಿದರು. ಒಬ್ಬಳು ಖಾರ ರುಬ್ಬಲು ಕೂತಳು, ಒಬ್ಬಳು ಅವರೆಕಾಯಿ ಸುಲಿಯಲು. ನನಗೆ ನಾಲ್ಕು ಒಪ್ಪತ್ತು ಬಾಕಿ ಇದ್ದ ಹಿತ್ತಲಮನೆಯವಳು ನನ್ನ ಮುಖ ನೋಡದೆ ನೇರವಾಗಿ ಪಾತ್ರೆ ಉಜ್ಜಲು ಹೋದಳು. ಅವಳ ಮಗಳೂ ಅದೇ ಜಗಲಿಯಲ್ಲಿ ನಡಿಗೆ ಕಲಿತಿದ್ದಳು. ಮೂಲೆಮನೆ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, "ನಮ್ ಮೊಮ್ಮಗ ಎರಡ್ ವರ್ಸ ನಿಮ್ ಜಗಲಿ ಮ್ಯಾಲೇ ಉಚ್ಚೆ ಉಯ್ದವ್ನೆ. ನಂದು ಸುಮಾರದ ತೀರ್ಸಕ್ಕೆ," ಎಂದರು. ಸರದಿಯ ಮೇಲೆ ಬಂದು ಮೊದಲ ಕೆಲವು ತಿಂಗಳು ಅವರೇ ನನ್ನ ಮೆಸ್ಸು ನಡೆಸಿದರು. ಆಳಿನ ಸಂಬಳವೆಂದು ನಾನು ಒಂದು ಪೈಸೆ ಕೊಡಲಿಲ್ಲ. ಒಂದು ಭಾನುವಾರ ಭಾವ ಬಂದು ಎರಡು ಮುದ್ದೆ ಉಂಡು, ಇಷ್ಟು ಜನಕ್ಕೆ ಸಂಬಳ ಹೇಗೆ ಹೊಂದಿಸುತ್ತೀ ಎಂದು ಕೇಳಿದರು. "ಹಳೇ ರೇಟು ಭಾವ," ಎಂದೆ. ಅವರು ಮಜ್ಜಿಗೆ ಕುಡಿದು ಹೋದರು.

ಮುಯ್ಯಿ ತೀರುತ್ತ ಬಂದ ಹೊತ್ತಿಗೆ ಮೆಸ್ಸಿನಲ್ಲಿ ಕೈಗೆ ದುಡ್ಡು ನಿಲ್ಲತೊಡಗಿತು. ಇಬ್ಬರು ಹೆಂಗಸರನ್ನು ಸಂಬಳಕ್ಕೆ ಇಟ್ಟುಕೊಂಡೆ. ಅವರಿಗೆ ಮೊದಲ ಸಂಬಳ ಕೊಟ್ಟ ಸಂಜೆ ಮನೆಗೆ ಬಂದು, ಜಗಲಿಯ ಮೇಲೆ ಕೂತಿದ್ದ ಅತ್ತೆಯ ಮಡಿಲಲ್ಲಿ ಎಂಟು ಸಾವಿರ ಇಟ್ಟೆ. ಅಡುಗೆಗೆ ನನ್ನ ಬದಲು ಒಬ್ಬ ಹೆಂಗಸನ್ನು ಇಟ್ಟರೆ ಎಷ್ಟೆಂದು ಭಾವ ಹೇಳಿದ್ದರಲ್ಲ, ಅದೇ ಅಂದಾಜು.

"ಏನಿದು?"

"ನಿಮ್ ಸಂಬ್ಳ ಅತ್ತೆ. ಈ ತಿಂಗ್ಳದ್ದು. ಇನ್ಮೇಲೆ ತಿಂಗ್ಳ್ ತಿಂಗ್ಳಾ ಬತ್ತದ. ಹೊಸಾ ರೇಟು."

ಅತ್ತೆ ನೋಟುಗಳನ್ನು ಹತ್ತಿರ ಹಿಡಿದು, ಬೆರಳಿಗೆ ಎಂಜಲು ಹಚ್ಚಿ ಒಂದೊಂದಾಗಿ ಎಣಿಸಿದರು. ಎಣಿಸಿದ್ದನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಐನೂರರ ಮೂರು ನೋಟು ಬೇರೆ ತೆಗೆದು ನನ್ನ ಮುಂದೆ ನೆಲದ ಮೇಲಿಟ್ಟರು.

"ಇದ್ಯಾಕೆ ಅತ್ತೆ?"

"ಮಂಡಿದು," ಎಂದರು. "ನೀ ಬಂದ್ಮೇಲೆ ನೀನೇ ಅಲ್ವಾ ತಿಕ್ತಿರೋದು. ಅದ್ನ ಮುರ್ಕಂಡಿಲ್ಲ ನೀನು."

ನಾನು ಆ ನೋಟುಗಳನ್ನು ಮುಟ್ಟಲಿಲ್ಲ. ಅವರೂ ವಾಪಸ್ ತೆಗೆದುಕೊಳ್ಳಲಿಲ್ಲ. ಹೊತ್ತು ಮುಳುಗುತ್ತಿತ್ತು, ಎಣ್ಣೆ ಕಾಯಿಸಲು ಎದ್ದು ಒಳಗೆ ಹೋದೆ.